ಮುದ್ದೆಮಾಲು

ಹಾವೇರಿ ಕೋರ್ಟಿನ ಹಿಂದಿನ ಕೋಣೆಗೆ ಕಿಟಕಿ ಒಂದೇ,
ಅದಕ್ಕೂ ತಗಡು ಬಡಿದಿದ್ದಾರೆ.
ಕೀಲಿಕೈ ನನ್ನ ಸೊಂಟದಲ್ಲಿ.
ಒಳಗೆ ಹಿಡಿಯಿಲ್ಲದ ಕೊಡಲಿ, ರಕ್ತ ಒಣಗಿದ ಲುಂಗಿ,
ಯಾರೂ ಬಿಡಿಸಿಕೊಳ್ಳದ ಏಳು ಸೈಕಲ್ಲು,
ಮತ್ತೆ ಅರಗಿನ ಮುದ್ರೆ ಒತ್ತಿದ ಇಸ್ಪೀಟಿನ ಕಟ್ಟುಗಳು,
ಒಂದೊಂದರ ಕೊರಳಿಗೂ ಕೇಸಿನ ನಂಬರು.

ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ
ಕಸ ಹೊಡೆಯುವ ಹಜರತಬಿ ಬರುತ್ತಾಳೆ,
ಕೇಸು ಮುಗಿದ ಕಟ್ಟು ಕೇಳುತ್ತಾಳೆ.
'ಅಂಗಡ್ಯಾಗಿನ ಹೊಸಾ ಎಲಿ ಮಾತಾಡೂದಿಲ್ರಿ ಬಾಯಾರ,
ನಾಕ ಮಂದಿ ಕೈಯಾಗ ಸೋತಿರಬೇಕು,
ಲಾಠಿ ಸಪ್ಪಳ ಕೇಳಿರಬೇಕು,
ಅಂದ್ರ ಬಾಯಿ ಬಿಡತಾವು.'

ಶಿರಸ್ತೇದಾರರಿಗೆ ವರ್ಗಾವಣೆ ಹೇಳಿದಳು.
ಆಯಿತು, ಪಕ್ಕದ ಮೇಜಿನವರಿಗೆ.
ಟೈಪಿಸ್ಟ್ ಹುಡುಗಿಗೆ ಗಂಡು ಕೂಸು ಹೇಳಿದಳು,
ಎರಡು ಹೆಣ್ಣಾದವು, ಜೋಡಿ.
ಪೇಢೆ ತಿನ್ನುತ್ತ ಅಂದಳು:
'ಎಲಿ ತಪ್ಪಿಲ್ಲ, ನಾನ ತಪ್ಪ ಓದೀನಿ.'

ಆವತ್ತು ನನ್ನ ಸರದಿ.
ಏನು ಕೇಳಬೇಕೆಂದು ನಾನು ಹೇಳಲಿಲ್ಲ.
ನಲವತ್ತಮೂರಕ್ಕೆ ಅಂಥದ್ದನ್ನು ಬಾಯಿಬಿಟ್ಟು ಕೇಳುವುದು ಹೇಗೆ?
ಹೊರಗೆ ಬೇವಿನ ಕೆಳಗೆ
ಅರ್ಜಿ ಟೈಪು ಮಾಡುವ ಗುರುಪಾದಯ್ಯನ ಮಷಿನ್ನು ಕೇಳುತ್ತಿತ್ತು,
ಸಾಲು ಮುಗಿದಾಗೊಮ್ಮೆ ಆ ಸಣ್ಣ ಗಂಟೆ.
ಹೋದ ಅಮಾವಾಸ್ಯೆ ಹಿಂದೆಮುಂದೆ ಆತ ಒಂದು ಮಾತು ಕೇಳಿದ್ದ,
ನಿಂತುಕೊಂಡು, ನೆಲ ನೋಡುತ್ತ.
'ನೋಡೋಣ' ಅಂದಿದ್ದೆ,
ಮುಂದಿನ ತಾರೀಖು ಕೊಟ್ಟ ಹಾಗೆ.

'ಎಡಗೈಲೆ ಕತ್ತರಸ್ರಿ.'
ಕತ್ತರಿಸಿದೆ. ಎಲೆ ಎಲೆಗೂ ಘಾಟು.
ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನ ಹಿಂದೆ
ಗೋಣಿ ಹಾಸಿ ಆಡುವಾಗ ಸಿಕ್ಕ ಕಟ್ಟು ಅದು:
ಆರು ಮಂದಿ, ಮೂರು ಸಾವಿರದ ನಾನೂರ ಹತ್ತು ರೂಪಾಯಿ,
ಒಬ್ಬ ಫರಾರಿ.

ನೆಲದ ಮೇಲೆ ಏಳೇಳರ ಸಾಲು ಹಾಕಿದಳು.
ಡೈಮನ್ ಮೂರು ಕೂಡಿ ಬಂದವು. ರೊಕ್ಕ. ಅರಿಯರ್ಸ್ ಇರಬಹುದು.
ಇಸ್ಪೀಟಿನ ಒಂಬತ್ತು. 'ಮಣಕಾಲ ಬ್ಯಾನಿ, ಎಣ್ಣಿ ಹಚ್ಚಿಕೋರಿ.'
ಆಟೀನ್ ರಾಣಿ ಬಂದಳು, ಮೂಲೆ ಮಡಚಿಕೊಂಡು.
'ಇಕಿ ನೀವು.
ಇನ್ನ ಕಳಾವರ ರಾಜ ಬರಬೇಕು.
ಕರೀ ಮೀಸಿ, ಬೆರಳಾಗ ಕೆಲಸ ಇದ್ದ ಮನಶಾ,' ಅಂದಳು,
ನಾನು ಕೇಳದಿದ್ದರೂ.
ತಿರುವಿದಳು. ಮತ್ತೆ ತಿರುವಿದಳು.
ಝುಣಕದ ಮೇಲೆ ನೊಣ ಕೂತಿತು.
ಕಡೆಗೆ ಇಬ್ಬರೂ ಕೂಡಿ ಎಣಿಸಿದೆವು: ಐವತ್ತೊಂದು.

ಪಂಚನಾಮೆಯಲ್ಲಿ ಐವತ್ತೆರಡು.
ಒಬ್ಬ ಪಂಚನ ಸಹಿ, ಇನ್ನೊಬ್ಬನ ಹೆಬ್ಬೆಟ್ಟು.
ಯಾರೂ ಎಣಿಸಿರಲಿಲ್ಲ,
ಇಲ್ಲವೇ ಓಡಿಹೋದವನ ಅಂಗಿಯ ತೋಳಿನಲ್ಲಿ
ರಾಜ ಇನ್ನೂ ಓಡುತ್ತಿರಬಹುದು.
'ಇಲ್ಲದ ಎಲೆಗೆ ಅರ್ಥ ಏನು?' ಕೇಳಿದೆ,
ನನಗೇ ಕೇಳಿಸದಷ್ಟು ಮೆಲ್ಲಗೆ.
'ಇಲ್ಲದ್ದಕ್ಕ ಅರ್ಥ ಹಚ್ಚಬ್ಯಾಡ್ರಿ ಬಾಯಾರ.
ಆಂವ ಹೊರಗ ಅದಾನ, ಅಷ್ಟ.'
ಕಸಬರಿಗೆ ಎತ್ತಿಕೊಂಡು ಹೋದಳು.

ಶುಕ್ರವಾರ ಆದೇಶ ಬಂತು:
ಬೆಲೆಯಿಲ್ಲದ ಮುದ್ದೆಮಾಲನ್ನು ನಾಶಪಡಿಸತಕ್ಕದ್ದು.
ಹಿತ್ತಲಲ್ಲಿ, ತಗಡಿನ ಡಬ್ಬಿಯಲ್ಲಿ, ನಾಜರ ಸಾಹೇಬರ ಸಮ್ಮುಖ.
ನುಣುಪು ಎಲೆ ಬೇಗ ಹೊತ್ತುವುದಿಲ್ಲ.
ಗುಲಾಮರು ಮೊದಲು ಸುರುಳಿಯಾದರು, ರಾಣಿ ಬಲು ತಡವಾಗಿ.
ಆಮೇಲೆ ಎದ್ದಿತು ನೋಡಿ ಘಾಟು,
ಗೋದಾಮಿನ ಎಷ್ಟು ವರ್ಷದ ಖಾರವೋ ಒಮ್ಮೆಗೇ.
ನಾಜರರು ಕೆಮ್ಮಿದರು, ಜವಾನ ಕೆಮ್ಮಿದ,
ಒಳಗೆ ವಾದಿಸುತ್ತಿದ್ದ ವಕೀಲರು 'ಸ್ವಾಮೀ' ಅಂದು ಅಲ್ಲೇ ನಿಂತರು.
ಕಣ್ಣೀರು ಒರೆಸುತ್ತ ಹಜರತಬಿಗೆ ಹಿಗ್ಗೋ ಹಿಗ್ಗು:
'ಇಷ್ಟು ಘಾಟು ಅಂದ್ರ
ಯಾರ ದೃಷ್ಟಿನೂ ತಾಗಿಲ್ಲ ಬಿಡ್ರಿ.'

ರಿಜಿಸ್ಟರಿನಲ್ಲಿ ಬರೆದೆ:
ಇಸ್ಪೀಟು ಎಲೆ ಐವತ್ತೆರಡು, ಸುಟ್ಟು ಬೂದಿ.
ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಮೊದಲ ಸುಳ್ಳು ಲೆಕ್ಕ,
ಸಹಿ ಸಮೇತ.

ಬೇವಿನ ಕೆಳಗೆ ಮಷಿನ್ನು ನಿಂತಿತ್ತು.
ಆತನೂ ಕೆಮ್ಮುತ್ತಿದ್ದ, ವಲ್ಲಿ ಬಾಯಿಗೆ ಹಿಡಿದು,
ಯಾರದೋ ಅರ್ಜಿ ಅರ್ಧ ಸಾಲಿಗೆ ಬಿಟ್ಟು.
ತಂಬಿಗೆಯಲ್ಲಿ ನೀರು ತುಂಬಿಕೊಂಡೆ.
ಕೋಣೆಗೆ ಕೀಲಿ ಹಾಕಿದೆನೋ ಇಲ್ಲವೋ,
ಬಾಗಿಲವರೆಗೆ ಬಂದಮೇಲೆ ನೆನಪಾಯಿತು.
ಹಿಂತಿರುಗಲಿಲ್ಲ.