ಇದು ಸೊನ್ನೆ

ಪಾಲಿಟೆಕ್ನಿಕ್ಕಿನ ಗುಜರಿ ಹರಾಜಿನಲ್ಲಿ
ಕೇಜಿಗೆ ಮೂವತ್ತೆರಡರಂತೆ ತೂಗಿ ಕೊಟ್ಟರು.
ಆರು ಕೇಜಿ ನಾನೂರು ಗ್ರಾಂ, ಒಂದು ಕೈ.
ಭುಜವಿತ್ತು, ಮೊಣಕೈ ಇತ್ತು, ಮಣಿಕಟ್ಟಿತ್ತು,
ತುದಿಗೆ ರಬ್ಬರು ಕಿತ್ತುಹೋದ ಮೂರು ಬೆರಳು.
ಮೈ ಎಲ್ಲಿ ಅಂತ ನಾನೂ ಕೇಳಲಿಲ್ಲ,
ತೂಗಿದವನೂ ಹೇಳಲಿಲ್ಲ.

ಕೋಡಿಬಾಗದ ನನ್ನ ಅಂಗಡಿಗೆ ಬರುವುದು
ಸುಟ್ಟ ಪಂಪು, ಹುಚ್ಚು ಹಿಡಿದ ಮಿಕ್ಸರು,
ದೋಣಿಯವರ ಉಪ್ಪು ಕುಡಿದ ವೈರ್‌ಲೆಸ್ಸು.
ತಾಮ್ರದ ತಂತಿ ಸುತ್ತುವುದು ನನ್ನ ಕಸುಬು.
ಕೂಸಿಗೆ ಜಡೆ ಹೆಣೆದಂತೆ ಅಂತ ಯಾರೋ ಅಂದಿದ್ದರು.
ಅಲ್ಲ. ಜಡೆ ತಪ್ಪಿದರೆ ಫ್ಯೂಸು ಹಾರುವುದಿಲ್ಲ.

ತಳದ ತಗಡು ಬಿಚ್ಚಿದಾಗ ಮೊದಲು ಜಿರಲೆಯ ಮೊಟ್ಟೆ,
ಆಮೇಲೆ ಪೆನ್ಸಿಲಿನ ಬರಹ, ದುಂಡು ಕನ್ನಡದಲ್ಲಿ:
ಭುಜ ಕೆಂಪು. ಮೊಣಕೈ ಹಳದಿ.
ಮಣಿಕಟ್ಟು ನೀಲಿ ಎರಡು. ಕೈಯಿಂದ ಎಳೆಯಬೇಡಿ.
ಸಹಿ ಇಲ್ಲ, ತಾರೀಖು ಮಾತ್ರ: ಎಂಬತ್ತೇಳು, ಆಗಸ್ಟ್ ಎಂಟು.
ಅವತ್ತಿಗೆ ನಾನು ಹುಟ್ಟಿ ಹತ್ತು ದಿನ,
ಇನ್ನೂ ಹೆಸರಿಟ್ಟಿರಲಿಲ್ಲ.
ಯಾರೋ ಪುಣ್ಯಾತ್ಮ, ತನ್ನ ನಂತರ ಒಬ್ಬರು
ಈ ತಗಡು ಬಿಚ್ಚುತ್ತಾರೆಂದು ನಂಬಿದ್ದ.

ಮೋಟರು ಆರೂ ಬದುಕಿದ್ದವು. ಸೀಮೆಎಣ್ಣೆಯಲ್ಲಿ ನೆನೆಸಿ
ಹಳೇ ಬ್ರಶ್ಶಿನಿಂದ ಗಿಯರಿನ ಹಲ್ಲು ಉಜ್ಜಿದೆ.
ಸತ್ತದ್ದು ನರ. ಭುಜದ ರಾಟೆಯಿಂದ ಬೆರಳಿನ ತನಕ
ಓಡಬೇಕಾದ ದಾರ, ಮುಟ್ಟಿದರೆ ಹುಡಿ.

ಬೈತಖೋಲದಲ್ಲಿ ಬಲೆ ತೇಪೆ ಹಾಕುತ್ತಿದ್ದ ಪುರ್ಸು ತಾಂಡೇಲರು
ಅದನ್ನು ಹಿಂದೆ ಮುಂದೆ ತಿರುಗಿಸಿ, 'ಕಿತೆಂ ಗೋ ಹೆಂ?' ಅಂದರು.
ಅವರ ಬಲಗೈಯಲ್ಲೂ ಮೂರೇ.
ಉಳಿದೆರಡನ್ನು ಟ್ರಾಲರಿನ ವಿಂಚು ತಿಂದಿದೆ, ಹಳೇ ಮಾತು.
'ನನ್ನ ತಮ್ಮ' ಅಂದರು. ನಗಲೋ ಬೇಡವೋ ತಿಳಿಯದೆ
ನಾನು ದಾರದ ಉಂಡೆ ನೋಡುತ್ತ ನಿಂತೆ.
ಬಂಗಡೆ ಬಲೆಯದು ಆಗದು, ಜಗ್ಗುತ್ತದೆ;
ಬೇರೊಂದು ತೆಗೆದು, ತುದಿಯನ್ನು ಹಲ್ಲಲ್ಲಿ ಕಚ್ಚಿ
ಮೂರು ಬೆರಳಲ್ಲಿ ಹಾಕಿದ ಗಂಟು.
ಐದು ಬೆರಳಲ್ಲಿ ಬಿಚ್ಚಲು ನೋಡಿದೆ, ಬರಲಿಲ್ಲ.

ಇದರ ಕಾಲದ ಕಂಪ್ಯೂಟರು ಈಗೆಲ್ಲಿ?
ಬೆಂಕಿಪೊಟ್ಟಣದಷ್ಟು ಬೋರ್ಡು, ನಾನೂರು ರೂಪಾಯಿ,
ಇಪ್ಪತ್ತೈದು ಸೂಜಿಯ ಹಳೇ ಬಾಯಿಗೆ ಬೆಸುಗೆ.
ಮೊಣಕೈ, ನೂರು ಹೆಜ್ಜೆ, ಮೇಲಕ್ಕೆ
ಅಂತ ಬರೆದು ಒತ್ತಿದರೆ
ಭುಜ ಎಡಕ್ಕೆ ಬೀಸಿ ಚಾದ ಲೋಟ ಕೆಡವಿತು.
ಇಷ್ಟು ವರ್ಷದಲ್ಲಿ ಕೆಂಪು ಮಾಸಿ ಕಿತ್ತಳೆಯಾಗಿತ್ತು,
ಹಳದಿ ಕಂದಿ ಅದೂ ಕಿತ್ತಳೆ.

ಸರಿಮಾಡಿದ ಮೇಲೆ ತಿಳಿಯಿತು ಇದರ ಗುಟ್ಟು:
ತಾನೆಲ್ಲಿದ್ದೇನೆಂದು ಇದಕ್ಕೆ ಗೊತ್ತಿಲ್ಲ.
ಕಣ್ಣಿಲ್ಲ, ಸ್ಪರ್ಶವಿಲ್ಲ, ಎಣಿಕೆ ಮಾತ್ರ.
ಕರೆಂಟು ಹೋದರೆ ಎಣಿಕೆಯೂ ಹೋಯಿತು.
(ಕೈಗಾ ಪಕ್ಕದಲ್ಲಿದ್ದೂ ಇಲ್ಲಿ ಕರೆಂಟು ಹೋಗುತ್ತದೆ,
ಅದು ಬೇರೆ ಕತೆ.)
ಹಾಗಾಗಿ ದಿನಾ ಶಟರು ಎತ್ತಿದ ಮೇಲೆ ಮೊದಲ ಕೆಲಸ,
ಎಳೆಯಬೇಡಿ ಅಂದವನ ಕ್ಷಮೆ ಕೇಳಿ,
ಮೆಲ್ಲಗೆ ಹಿಡಿದು ತಂದು, ಭುಜ ನೆಟ್ಟಗೆ, ಬೆರಳು ನೆಲಕ್ಕೆ,
ಹೇಳಬೇಕು: ಇದು ಸೊನ್ನೆ. ಇಲ್ಲಿಂದ ಎಣಿಸು.

ನಿನ್ನೆ ತಾಂಡೇಲರು ಬಂದಿದ್ದರು, ಗಂಟು ಹೇಗಿದೆ ನೋಡಲು.
ಬಲೆಯ ಸೀಸದ ಗುಂಡೊಂದನ್ನು ಮೇಜಿನ ಮೇಲಿಟ್ಟು
'ಎತ್ತಲಿ' ಅಂದರು.
ಇಳಿಯಿತು. ದಾರಿಯಲ್ಲೆಲ್ಲೋ ನಾಲ್ಕು ಹೆಜ್ಜೆ ಜಾರಿತು,
ಅದಕ್ಕೆ ಗೊತ್ತಾಗಲಿಲ್ಲ.
ಗುಂಡಿನ ಪಕ್ಕದ ಗಾಳಿಯನ್ನು ಮೂರು ಬೆರಳಲ್ಲಿ ಹಿಡಿದು
ಚೆಲ್ಲದ ಹಾಗೆ ಎತ್ತಿ, ಅರ್ಧ ಸುತ್ತು ತಿರುಗಿ,
ತಟ್ಟೆಯಲ್ಲಿ ಜೋಪಾನವಾಗಿ ಇಟ್ಟು
ಬೆರಳು ಬಿಡಿಸಿತು.

ಅವರು ಖಾಲಿ ತಟ್ಟೆ ನೋಡಿದರು, ಬಹಳ ಹೊತ್ತು.
'ನನಗೂ ಆಗ್ತದೆ. ಇಲ್ಲದ ಎರಡರ ನಡುವೆ
ಬೀಡಿ ಸಿಗಿಸಲು ಹೋಗ್ತೇನೆ.'
ಮತ್ತೆ, 'ಇನ್ನೊಂದು ಸಲ ಮಾಡಿಸು.'

ಸೊನ್ನೆಗೆ ತಂದೆ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಲಾರಿ,
ಮೇಜು ನಡುಗಿತು, ಗುಂಡು ಕೂದಲೆಳೆಯಷ್ಟು ಹೊರಳಿತು.
ಇಬ್ಬರೂ ಕಾದೆವು,
ಅದು ಕಾಳಿಯ ಸೇತುವೆ ದಾಟುವ ತನಕ.