ಅರವತ್ತೆರಡು ಪದರ

ಮೂವತ್ತು ವರ್ಷ ಹಲ್ಲು ಕಟ್ಟಿದವಳು ನಾನು.
ತ್ಬಿಲಿಸಿಯ ಅರ್ಧ ಊರು ನನ್ನ ಕೈಕೆಲಸದಲ್ಲೇ ನಗುತ್ತದೆ.
ಕಡಲೆಯಿದ್ದು ಹಲ್ಲಿಲ್ಲದವರಿಗೆಲ್ಲ
ಕಡಲೆಯ ಮರ್ಯಾದೆ ಉಳಿಸಿಕೊಟ್ಟೆ.
ಈಗ ನಿವೃತ್ತಿ. ಕೈ ಮಾತ್ರ ಸುಮ್ಮನಿರಲೊಲ್ಲದು,
ಹೂವಿನ ಬಾಯೊಳಗೆ ನೋಡಬೇಕೆನ್ನುತ್ತದೆ.

ಫೆಬ್ರವರಿಯ ಕೊನೆಗೆ ಮೆಟ್ರೋ ಬಾಗಿಲಲ್ಲಿ
ಕೊಚಿವಾರ್ದ ಮಾರುತ್ತಾರೆ, ದಾರ ಸುತ್ತಿದ ಸಣ್ಣ ಕಟ್ಟು.
ಟಗರುಗುಲಾಬಿ ಎಂದರ್ಥ: ತಲೆ ತಗ್ಗಿಸಿ
ಎಸಳನ್ನೆಲ್ಲ ಕೋಡಿನಂತೆ ಹಿಂದಕ್ಕೆಸೆದು
ಯಾರನ್ನೋ ಹಾಯಲು ನಿಂತ ಹೂ.
ಒಂದನ್ನು ತಂದು ಕ್ಯಾಮೆರಾ ಹಿಡಿದೆ.
ಕೇಸರ ನಿಚ್ಚಳವಾದರೆ ಎಸಳಂಚು ಮಂಜು,
ಎಸಳಂಚು ನಿಚ್ಚಳವಾದರೆ ಕೇಸರ ಹಾಲು.
ಅಷ್ಟು ಹತ್ತಿರ ಹೋದವರಿಗೆ ಒಂದು ಸಲಕ್ಕೆ
ಕೂದಲೆಳೆಯಷ್ಟೇ ಲೋಕವಂತೆ.
ಮಿಕ್ಕದ್ದನ್ನು ಸರಿದು ಸರಿದು ತೆಗೆದು
ಆಮೇಲೆ ಒಂದರ ಮೇಲೊಂದು ಪೇರಿಸಬೇಕಂತೆ.
ಸರಿಯುವುದಕ್ಕೂ ಸಾಮಾನು ಬೇಕಂತೆ.

"ಮೋಟಾರಿನ ಹಳಿ ತರಿಸಿ ಅತ್ತೆ," ಎಂದಳು ಸೊಸೆ ಮೇದಿಕೊ,
"ಗುಂಡಿ ಒತ್ತಿ ಚಹಾ ಕುಡೀರಿ, ಅದೇ ನಡೆಯುತ್ತೆ."
ಬೆಲೆ ನೋಡಿದೆ: ಹನ್ನೊಂದು ಪಿಂಗಾಣಿ ಹಲ್ಲು.

ಶನಿವಾರ ಒಣ ಸೇತುವೆಗೆ ನಡೆದೆ.
ಈಗಿಲ್ಲದ ದೇಶದ ಸಾಮಾನು ಅಲ್ಲಿ ಕಂಬಳಿಯ ಮೇಲೆ:
ಪದಕ, ಸಮೋವಾರ್, ಯಾರದೋ ಮದುವೆಯ ಪಟ.
ಕೊನೆಯ ಕಂಬಳಿ ಜುಂಬೆರನದು,
ಕಾರ್ಖಾನೆಯಿದ್ದ ಕಾಲಕ್ಕೆ ಸೂಕ್ಷ್ಮದರ್ಶಕ ರಿಪೇರಿ ಮಾಡಿದವ.
"ಮ್ಯಾಕ್ರೋ ಲೆನ್ಸೇ ಬೇಕೆಂದು ಯಾರಂದರು?
ಎನ್ಲಾರ್ಜರಿನ ಈ ಐವತ್ತನ್ನು ಬೆನ್ನು ತಿರುಗಿಸಿ ಕೂರಿಸಿ.
ಮುನಿಸಿಕೊಂಡ ಹಾಗೆ ಕಾಣುತ್ತೆ,
ಹತ್ತಿರದ್ದೆಲ್ಲ ಅದಕ್ಕೆ ಕಾಣುವುದು ಆಗಲೇ."
ತಿದಿಯನ್ನು ಬಿಸಿಲಿಗೆತ್ತಿ ನೋಡಿದೆ.
ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು.
"ಕಪ್ಪು ಉಗುರುಬಣ್ಣ ಹಚ್ಚಿಬಿಡಿ," ಎಂದ.
ಇನ್ನೊಂದು ತಿದಿ ಗಟ್ಟಿಯಿತ್ತು, ಬೆಲೆಯೂ ಗಟ್ಟಿ.
ತೂತಿನದನ್ನೇ ಎತ್ತಿಟ್ಟೆ.

ಆಮೇಲೆ ಆ ಕಂಬ: ತಲೆಯಿಲ್ಲದ ಸೂಕ್ಷ್ಮದರ್ಶಕದ ಮೈ,
ಹಸುಗೂಸಿನ ತೂಕದ ಕಬ್ಬಿಣ, ಬದಿಗೆರಡು ತಿರುಪು.
ಸಣ್ಣದನ್ನು ತಾನೇ ತಿರುಗಿಸಿ ತೋರಿಸಿದ.
ಕೈ ನಡುಗುತ್ತಿತ್ತು. ಚಳಿಯ ನಡುಕವಲ್ಲ,
ನಮ್ಮ ಡಾಕ್ಟರ ಕೈ ಹೀಗೇ ಶುರುವಾಗಿ
ಕುರ್ಚಿ ಬಿಟ್ಟದ್ದು ಕಂಡಿದ್ದೇನೆ.
ಬೆರಳು ನಡುಗಿತು, ತಿರುಪು ನಡುಗಿತು,
ಒಳಗೆಲ್ಲೋ ಹಲ್ಲಿಗೆ ಹಲ್ಲು ಕೂತು
ಮೇಲಿನ ತಟ್ಟೆ ಮಾತ್ರ
ಅಲುಗದೆ ಏರಿತು, ಕೂದಲ ಹತ್ತರಲ್ಲೊಂದು ಪಾಲು.
"ಗ್ರೀಸು ನಾನೇ ಹಚ್ಚಿದ್ದು, ಎಂಬತ್ತಮೂರರಲ್ಲಿ."
ಚೌಕಾಸಿ ಮಾಡಲಿಲ್ಲ.
ಮಾಡದ್ದು ಕಂಡು ಅವನಿಗೇ ಅನುಮಾನ ಬಂತು.

ಉಳಿದದ್ದು ಮನೆಯಲ್ಲೇ ಇತ್ತು.
ಕಾಂಡ ನಿಲ್ಲಿಸಲು ಹಲ್ಲಿನಚ್ಚಿನ ಮೇಣ,
ನೆರಳಿಗೆ ಬೆಳಕು ಹೊರಳಿಸಲು ಬಾಯಿಗನ್ನಡಿ,
ಫ್ಲ್ಯಾಶಿನ ಉರಿ ತಗ್ಗಿಸಲು
ತಳ ಕತ್ತರಿಸಿದ ಮತ್ಸೋನಿ ಮೊಸರಿನ ಡಬ್ಬಿ.
ಕೆಳಮನೆಯ ಎಲ್ದಾರ್ ಬಾಗಿಲು ಬಡಿಯುವುದು ಮುಗಿಯಲೆಂದು
ಹನ್ನೊಂದರ ತನಕ ಕಾದೆ. ಫ್ರಿಜ್ಜಿನ ಪ್ಲಗ್ ಕಿತ್ತೆ.
ಹೀಟರ್ ಆರಿಸಿದೆ: ಬೆಚ್ಚಗಾದರೆ
ಹತ್ತನೆಯ ಪಟಕ್ಕೂ ನಲವತ್ತನೆಯದಕ್ಕೂ ನಡುವೆ
ಎಸಳು ಮನಸ್ಸು ಬದಲಿಸುತ್ತದೆ.
ಎರಡು ಕೋಟು ತೊಟ್ಟು, ಉಸಿರು ಬಿಗಿಹಿಡಿದು
ತಿರುಗಿಸು, ತಡೆ, ಒತ್ತು.
ತಿರುಗಿಸು, ತಡೆ, ಒತ್ತು.
ಅರವತ್ತೆರಡು.

ಬೆಳಗ್ಗೆ ಕಂಪ್ಯೂಟರು ಪೇರಿಸಿಕೊಟ್ಟಿತು:
ಬಾಯಿಂದ ಬುಡದವರೆಗೆ ಹೂವು, ಎಲ್ಲೂ ಮಂಜಿಲ್ಲ,
ಪರಾಗದ ಕಾಳು ಕಾಳೂ ಎಣಿಸಬಹುದು.
ಎಸಳ ಮೇಲೊಂದು ಗಿಡಹೇನು.
ರಾತ್ರಿ ನಾನು ಕಂಡೇ ಇರಲಿಲ್ಲ.
ಇದ್ದಬದ್ದ ಅಲುಗಾಟವನ್ನೆಲ್ಲ ಹೊರಗಟ್ಟಿದ ಮನೆಯಲ್ಲಿ
ಅದು ತನ್ನ ಪಾಡಿಗೆ ನಡೆದುಹೋಗಿತ್ತು.
ಇಲ್ಲೊಂದು ಮೀಸೆ, ಅಲ್ಲೆರಡು ಕಾಲು,
ಅಂಚಿಗೆ ಬರೀ ಹಿಂಭಾಗ.
ಅಳಿಸುವುದು ನಿಮಿಷದ ಕೆಲಸ ಎಂದಳು ಮೇದಿಕೊ.

ಮುಂದಿನ ಶನಿವಾರ
ಪಟವನ್ನು ಹಾಗೇ ಜುಂಬೆರನಿಗೊಯ್ದೆ.
ಕನ್ನಡಕ ಹಣೆಗೇರಿಸಿ ಕಣ್ಣ ಹತ್ತಿರ ಹಿಡಿದ.
ಹಾಳೆ ಅವನ ಕೈಯಲ್ಲಿ ನಡುಗುತ್ತಿತ್ತು.
ಹೂವಿನ ಮಾತೇ ಇಲ್ಲ. ಬಹಳ ಹೊತ್ತಿನ ಮೇಲೆ
"ಎಡಕ್ಕೆ ಹೋಗ್ತಾ ಇದೆ," ಎಂದ.