ಒಳಗ ಬಾ, ಕೂಡಬ್ಯಾಡ

ಪಾಸ್‌ವರ್ಡ್ ಹಾಕಿದರ ಬಾಗಲಾ ತೆಗೀತೈತಿ,
ಫೋಲ್ಡರ್ ತೋರಸತೈತಿ, ಒಳಗಿನ ಹೆಸರೂ ಓದಸತೈತಿ:
ಆನಿಹೆಜ್ಜಿ, ಕಳವಾರ, ಸಣ್ಣ ಕಳವಾರ, ತಪ್ಪಿದ್ದು, ತಪ್ಪಿದ್ದು-ಎರಡು.
ನನ್ನ ಹೊಸ ಖಣದ ಫೈಲ್ ಇಡಾಕ ಹೋದರ ಮಾತ್ರ
ಐನೂರಾ ಐವತ್ತಮೂರು. ಅನುಮತಿ ಇಲ್ಲ.

ಮುನಿಸಿಕೊಂಡ ಬೀಗರ ಮನಿ ಇದ್ದಂಗ.
ಒಳಗ ಬಾ ಅಂತಾರ, ಕೂಡು ಅನ್ನೂದಿಲ್ಲ.

ರಾತ್ರಿ ಹನ್ನೊಂದು. ಗುಳೇದಗುಡ್ಡದ ಕಲ್ಲು ಇನ್ನೂ ಬಿಸಿ ಉಗುಳಾಕ ಹತ್ಯಾವು.
ಆಚಿ ಓಣ್ಯಾಗ ಕಾರ್ಡ್ ಹೊಡಿಯೂ ಮಷೀನು
ಬಾಯಿ ತಕ್ಕೊಂಡು ಕುಂತೈತಿ.
ಹೊಸ್ತಿಲದಾಗ ಈರಪ್ಪಣ್ಣ, ಬೀಡಿ ಆರಿದ್ದು ಗೊತ್ತಿಲ್ಲ;
ಮುಂಜಾನೆ ಮಗ್ಗಕ್ಕ ಕಾರ್ಡ್ ಏರಲಿಲ್ಲಂದ್ರ
ಅವನ ಒಂದು ದಿನ ಹೋತು.

ಕೇಬಲ್ ಕಿತ್ತಿ ಚುಚ್ಚಿದೆ. ಫೈಲಿನ ಹೆಸರು ಬದಲಿ ಮಾಡಿದೆ.
ಕಂಪ್ಯೂಟರ್ ಆರಿಸಿ ಹಚ್ಚಿದೆ. ಬೈದೆ.
ಕಡೀಕ ಫೋಲ್ಡರಿನ ಉದ್ದನ್ನ ಪಟ್ಟಿ ತೆಗದೆ:
ಅಕ್ಷರ, ಅಕ್ಷರ, ಗೀಟು, ಅಕ್ಷರ, ಗೀಟು.

ಈರಪ್ಪಣ್ಣ ಎದ್ದು ಬಂದು ಹಣಕಿದ.
ಇಂಗ್ಲಿಷ್ ಬರೂದಿಲ್ಲ ಅವಗ. ಗೀಟಿನ ಮ್ಯಾಲ ಬೆರಳಿಟ್ಟ.
“ಇದು ನಕ್ಷಾ ಹೌದಲ್ಲೇನ ತಂಗಿ?
ಮೂರು ಮೂರು ಎಳಿ. ಮೊದಲಿನ ಮೂರೂ ಎದ್ದಾವು.
ನಡಕಿನ ಮೂರರಾಗ ಎರಡನೇದು ಎದ್ದಿಲ್ಲ ನೋಡು.”

ಮೊದಲಿನ ಮೂರು ಮಾಲಕಂದು. ನಡಕಿಂದು ನಮ್ಮ ಗುಂಪಿಂದು.
ಏಳದ ಎಳಿ, ಬರಿಯೂ ಹಕ್ಕು.
ಮಾಲಕನ ಹೆಸರು: ಹುಚ್ಚೇಶ.

ಒಂಬೈನೂರು ರೂಪಾಯಿ ಲೆಕ್ಕಕ್ಕ ಸಾವಕಾರನ ಕೂಡ ಜಗಳಾಡಿ
ಎದುರಿನ ಅಂಗಡಿ ಸೇರಿದಾಂವ.
ಹೋಗೂಮುಂದ ಚಾದ ಕಪ್ಪು ಒಯ್ದ, ಕುರ್ಚಿ ಮ್ಯಾಲಿನ ಟವೆಲ್ಲೂ ಒಯ್ದ;
ಹೆಸರು ಇಲ್ಲೇ ಉಳದೈತಿ ಅಂತ ಯಾರೂ ನೋಡಲಿಲ್ಲ.

ಐದನೇ ರಿಂಗಿಗೆ ಎತ್ತಿದ. ಹೇಳಿದೆ. ಸುಮ್ಮನಾದ.
“ಎಲ್ಲಾರಿಗೂ ಎಲ್ಲಾ ತೆಗದು ಬಿಡಲೇನು? ಏಳು ಏಳು ಏಳು.”
“ಬ್ಯಾಡ. ಓಣಿ ನಾಯಿಗೂ ಬಾಗಲಾ ತೆಗದಂಗ ಆಕ್ಕೈತಿ.
ಏಳು ಏಳು ಐದು ಸಾಕು.”
“ಕಲ್ತೀಯಲ್ಲ, ನೀಲವ್ವ.”
ಹಾಸಿಗಿ ಮ್ಯಾಲಿಂದನ ಕೀಲಿಮಣಿ ಸಪ್ಪಳ ಕೇಳಿಸ್ತು.

ಎರಡನೇ ಎಳಿ ಎದ್ದಿತು.

ಫೈಲ್ ಹೋತು, ಹನ್ನೆರಡು ಸೆಕೆಂಡು.
ಆಚಿ ಓಣ್ಯಾಗ ಮಷೀನು ತೂತು ಹೊಡಿಯಾಕ ಹತ್ತಿತು:
ತೂತಿದ್ದಲ್ಲೆ ಎಳಿ ಏಳಲಿ, ಇಲ್ಲದಲ್ಲೆ ಬ್ಯಾಡ.
ಈರಪ್ಪಣ್ಣ ಅದ ಬೀಡಿ ಮತ್ತ ಹಚ್ಚಿದ.

ಹುಚ್ಚೇಶ ಇನ್ನೂ ಫೋನ್ ಇಟ್ಟಿರಲಿಲ್ಲ.
“ಅಲ್ಲೆ ನನ್ನ ಹೆಸರು ಹಂಗ ಐತೇನು?”
“ಐತಿ.”
“ಇರಲಿ ಬಿಡು.” ಒಂದು ಸ್ವಲ್ಪ ತಡದು,
“ಸಾವಕಾರಗ ಹೇಳು, ಒಂಬೈನೂರಲ್ಲ,
ಎಂಟನೂರಾ ಎಂಬತ್ತು. ಮೊನ್ನಿ ಕೂಡಿಸಿ ನೋಡಿದೆ.”